ಚಾರ್ಟ್ ಪೂರ್ತಿ ಓದುತ್ತಾಳೆ, ಆದರೂ ಕಣ್ಣಿನ ನರ ಊದಿದೆ ಅಂತಾರೆ

ಪ್ರಶ್ನೆ: ಡಾಕ್ಟರೇ, ನಾವು ಶಿಡ್ಲಘಟ್ಟದವರು. ರೇಷ್ಮೆ ನೂಲು ಬಿಚ್ಚಾಣಿಕೆ ನಮ್ಮ ಕಸುಬು. ನನ್ನ ತಂಗಿಗೆ 27 ವರ್ಷ. ಎರಡನೇ ಮಗು ಸಿಸೇರಿಯನ್ ಆಗಿ ಒಂದೂವರೆ ವರ್ಷವಾಯಿತು. ಆಮೇಲೆ ತೂಕ 62 ಕೆಜಿಯಿಂದ 78ಕ್ಕೆ ಏರಿದೆ. ಐದು ತಿಂಗಳಿಂದ ತಲೆನೋವು. ಬಗ್ಗಿ ಎದ್ದರೆ ಎರಡು ಮೂರು ಸೆಕೆಂಡ್ ಕಣ್ಣಿಗೆ ಕತ್ತಲೆ ಬರುತ್ತದೆ, ರಾತ್ರಿ ಮಲಗಿದರೆ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಅಂತಾಳೆ. ಬೇರೆ ಕಾಯಿಲೆ ಇಲ್ಲ, ಮೊಡವೆಗೆ ಮಾತ್ರ ನಾಲ್ಕು ತಿಂಗಳು ಮಾತ್ರೆ ತಗೊಂಡಿದ್ದಳು. ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಿನ ನರ ಊದಿದೆ, ತಲೆಯೊಳಗಿನ ನೀರಿನ ಒತ್ತಡ ಜಾಸ್ತಿ ಇರಬಹುದು ಅಂದರು. ಎಂಆರ್‌ಐ ಮಾಡಿಸಿದೆವು, ಗೆಡ್ಡೆ ಇಲ್ಲ ಅಂತ ಬಂತು. ಈಗ ಬೆನ್ನಿಂದ ನೀರು ತೆಗೆದು ನೋಡಬೇಕು ಅಂತಾರೆ. ಕಾಲು ಬಿದ್ದುಹೋಗುತ್ತದೆ ಅಂತ ಅಮ್ಮ ಒಪ್ಪುತ್ತಿಲ್ಲ. ತಂಗಿ ಚಾರ್ಟ್‌ನಲ್ಲಿ ಕೊನೆಯ ಸಾಲಿನವರೆಗೂ ಓದುತ್ತಾಳೆ, ಚೀಟಿಯಲ್ಲಿ 6/6 ಅಂತಲೇ ಬರೆದಿದ್ದಾರೆ. ಕಣ್ಣು ಇಷ್ಟು ಚೆನ್ನಾಗಿರುವಾಗ ಈ ಪರೀಕ್ಷೆ ಬೇಕಾ? ವರಮಹಾಲಕ್ಷ್ಮಿ ಹಬ್ಬ ಮುಗಿಸಿಕೊಂಡು ಹೋದರೆ ಆಗಲ್ವಾ?

ಉತ್ತರ: ಹಬ್ಬಕ್ಕೆ ಕಾಯಬೇಡಿ. ಈ ವಾರವೇ ಹೋಗಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆ ಅನ್ನುವುದನ್ನು ಆಮೇಲೆ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ತಲೆನೋವಲ್ಲ, ಕಿವಿಯ ಸದ್ದೂ ಅಲ್ಲ. 6/6 ಇದೆಯಲ್ಲ ಅನ್ನುವ ಧೈರ್ಯ. ಈ ಧೈರ್ಯ ಒಂದು ಕಾಲಕ್ಕೆ ನನಗೂ ಇತ್ತು. ಚಿಕ್ಕಬಳ್ಳಾಪುರದಲ್ಲಿ ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಚಿಂತಾಮಣಿ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು, ನಿಮ್ಮ ತಂಗಿಯ ವಯಸ್ಸೇ. ಎರಡು ಕಡೆ ಕನ್ನಡಕ ಬದಲಾಯಿಸಿದ್ದಳು, ಸೈನಸ್ ಅಂತ ಹಬೆಯನ್ನೂ ತಗೊಂಡಿದ್ದಳು. ನರದ ಅಂಚು ಸ್ವಲ್ಪ ಮಸುಕಾಗಿ ಕಂಡಿತು, ಆದರೆ ಚಾರ್ಟ್ ಗಡಗಡ ಅಂತ ಓದಿದಳು. ಒಂದು ತಿಂಗಳು ಬಿಟ್ಟು ಬನ್ನಿ ಅಂದೆ. ಐದು ವಾರಕ್ಕೆ ಬಂದಳು. ಆಗಲೂ 6/6. ಆದರೆ ಒಳಗೆ ಬರುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡಳು. ಹೊಸ್ತಿಲು ಎಡವುತ್ತಾಳೆ, ಪಕ್ಕದಲ್ಲಿ ಮಗು ನಿಂತಿದ್ದರೂ ಗೊತ್ತಾಗಲ್ಲ ಅಂತ ಅತ್ತೆ ಹೇಳಿದರು. ಸುತ್ತಮುತ್ತ ಎಷ್ಟು ಅಗಲ ಕಾಣುತ್ತದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಿದರೆ, ಕಾಣದ ಜಾಗ ತೋರಿಸುವ ಕಪ್ಪು ಕಾಗದದ ತುಂಬ, ನಡುವೆ ಬಳೆಯಷ್ಟು ಜಾಗ ಮಾತ್ರ ಬಿಳಿ. ಆ ಬಳೆಯೊಳಗಿಂದ ಅವಳು ಚಾರ್ಟ್ ಓದುತ್ತಿದ್ದಳು. ಚಿಕಿತ್ಸೆ ಕೊಡಿಸಿದೆವು, ಉಳಿದದ್ದು ಉಳಿಯಿತು. ಹೋದದ್ದು ಬರಲಿಲ್ಲ. ಆವತ್ತಿನಿಂದ ನರ ಊದಿದವರ ಚೀಟಿಯಲ್ಲಿ ಬರೀ 6/6 ನೋಡಿ ನಾನು ಯಾರನ್ನೂ ಮನೆಗೆ ಕಳಿಸಿಲ್ಲ.

ಈಗ ಇದೆಲ್ಲ ಹೇಗಾಗುತ್ತದೆ ಅಂತ ನೋಡೋಣ.

ನಮ್ಮ ಮಿದುಳು ನೀರಲ್ಲಿ ತೇಲುತ್ತಿರುತ್ತದೆ. ತಿಳಿಯಾದ ನೀರು, ಡಾಕ್ಟರುಗಳು ಸಿಎಸ್‌ಎಫ್ ಅನ್ನುತ್ತಾರೆ, ನಾವು ಇಲ್ಲಿ ಮಿದುಳಿನ ನೀರು ಅನ್ನೋಣ. ದೊಡ್ಡವರಲ್ಲಿ ಒಟ್ಟು ಇರುವುದು ಸುಮಾರು 150 ಎಂಎಲ್, ಒಂದು ಲೋಟದಷ್ಟು. ಆದರೆ ದಿನಕ್ಕೆ ಹುಟ್ಟುವುದು ಸುಮಾರು 500 ಎಂಎಲ್. ಅಂದರೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಹಳೆ ನೀರು ಹೋಗಿ ಹೊಸ ನೀರು ತುಂಬಿಕೊಳ್ಳುತ್ತದೆ. ಮಿದುಳಿನೊಳಗಿನ ಪೊಳ್ಳು ಕೋಣೆಗಳಲ್ಲಿ ಹುಟ್ಟಿ, ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿ, ಕೊನೆಗೆ ತಲೆಯೊಳಗಿನ ದೊಡ್ಡ ರಕ್ತನಾಳಗಳಿಗೆ ಸೋಸಿಕೊಂಡು ಹೋಗುತ್ತದೆ.

ನಮ್ಮ ಕಡೆಯ ಕೆರೆ ನೆನಪು ಮಾಡಿಕೊಳ್ಳಿ. ಮೇಲಿನಿಂದ ನೀರು ಬರುತ್ತದೆ, ತೂಬಿನಿಂದ ಹೋಗುತ್ತದೆ. ಬರುವ ನೀರು ನಿಲ್ಲದೆ ತೂಬು ಕಟ್ಟಿಕೊಂಡರೆ ಮಟ್ಟ ಏರುತ್ತದೆ. ಕೆರೆಗಾದರೆ ಕೋಡಿ ಇದೆ, ಹೆಚ್ಚಾದದ್ದು ಕೋಡಿ ಬಿದ್ದು ಹೋಗುತ್ತದೆ. ತಲೆಬುರುಡೆಗೆ ಕೋಡಿ ಇಲ್ಲ. ಸುತ್ತಲೂ ಮೂಳೆ. ಹಾಗಾಗಿ ಒತ್ತಡ ಎಲ್ಲೆಲ್ಲಿ ಸಂದು ಇದೆಯೋ ಅಲ್ಲಿಗೆ ನುಗ್ಗುತ್ತದೆ, ಆ ಸಂದುಗಳಲ್ಲಿ ಒಂದು ಸೀದಾ ಕಣ್ಣಿನ ಹಿಂದಕ್ಕೆ ಬರುತ್ತದೆ.

ಇದು ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ. ಕಣ್ಣಿನ ನರ ಕೈಕಾಲಿನ ನರದಂತಲ್ಲ. ಅದು ಮಿದುಳಿನದೇ ಒಂದು ಭಾಗ, ಮುಂದಕ್ಕೆ ಚಾಚಿಕೊಂಡು ಬಂದಿದೆ ಅಷ್ಟೆ. ಮಿದುಳಿಗೆ ಸುತ್ತಿರುವ ಮೂರು ಪೊರೆಗಳೂ ವೈರಿನ ಮೇಲಿನ ಪ್ಲಾಸ್ಟಿಕ್ ಥರ ಈ ನರವನ್ನು ಕಣ್ಣುಗುಡ್ಡೆಯವರೆಗೂ ಸುತ್ತಿಕೊಂಡು ಬರುತ್ತವೆ. ಪೊರೆಗಳ ನಡುವೆ ಅದೇ ಮಿದುಳಿನ ನೀರು. ತಲೆಯಲ್ಲಿ ಒತ್ತಡ ಏರಿದರೆ ಕಣ್ಣಿನ ಹಿಂಭಾಗದಲ್ಲೂ ಏರುತ್ತದೆ, ನರವನ್ನು ಸುತ್ತಲಿಂದ ಹಿಂಡುತ್ತದೆ.

ಆ ನರದಲ್ಲಿ ಏನಿದೆ? ಸುಮಾರು 10–12 ಲಕ್ಷ ಎಳೆ. ನಿಮಗೆ ಎಳೆ ಅಂದರೆ ಏನು ಅಂತ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಬಿಸಿನೀರಿನ ಬಾಣಲೆಯಲ್ಲಿ ಗೂಡು ಬೇಯಿಸಿ, ಏಳೆಂಟು ಗೂಡಿನ ಎಳೆ ಹುಡುಕಿ ಸೇರಿಸಿ, ಒಂದು ದಾರ ಮಾಡುತ್ತೀರಿ. ಬರಿಗಣ್ಣಿಗೆ ಸರಿಯಾಗಿ ಕಾಣದ ಎಳೆ. ಇಲ್ಲಿ ಲಕ್ಷಗಟ್ಟಲೆ ಎಳೆಗಳು ಪೆನ್ಸಿಲ್ಲಿನ ಒಳಗಿನ ಸೀಸದ ಕಡ್ಡಿಗಿಂತ ಸ್ವಲ್ಪ ದಪ್ಪದ ಒಂದು ನರದೊಳಗೆ ಕೂತಿವೆ. ನೂಲಿನ ಎಳೆ ತುಂಡಾದರೆ ನೀವು ಮತ್ತೆ ಗಂಟು ಹಾಕುತ್ತೀರಿ. ಇಲ್ಲಿ ಗಂಟು ಹಾಕಲು ಆಗುವುದಿಲ್ಲ. ಸತ್ತ ಎಳೆ ಸತ್ತಂತೆಯೇ.

ಪ್ರತಿ ಎಳೆಯೊಳಗೂ ಎರಡೂ ಕಡೆಗೆ ಸಾಮಾನು ಸಾಗಣೆ ನಡೆಯುತ್ತಿರುತ್ತದೆ. ಆ ಎಳೆ ಬದುಕಲು ಬೇಕಾದದ್ದು ಕಣ್ಣಿನಿಂದ ಮಿದುಳಿನ ಕಡೆಗೆ ಹರಿಯುತ್ತದೆ. ತೋಟದಲ್ಲಿ ಡ್ರಿಪ್ ಪೈಪಿನ ಮೇಲೆ ಕಾಲಿಟ್ಟರೆ ಏನಾಗುತ್ತದೆ? ಕಾಲಿನ ಹಿಂದೆ ಪೈಪು ಉಬ್ಬುತ್ತದೆ, ಮುಂದಿನ ಗಿಡ ಒಣಗುತ್ತದೆ. ನರವು ಕಣ್ಣಿನಿಂದ ಹೊರಗೆ ಹೋಗುವ ಜಾಗದಲ್ಲಿ ಜರಡಿಯಂಥ ಒಂದು ಪದರ ಇದೆ. ಹಿಂದಿನ ಒತ್ತಡ ಏರಿದಾಗ ಎಳೆಗಳು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಸಾಗಣೆ ನಿಲ್ಲುತ್ತದೆ, ನರದ ತಲೆ ಊದುತ್ತದೆ. ಎರಡೂ ಕಣ್ಣಿನ ನರ ಹೀಗೆ ತಲೆಯ ಒತ್ತಡದಿಂದ ಊದಿದರೆ ಅದಕ್ಕೆ ಪ್ಯಾಪಿಲಿಡೀಮಾ ಅನ್ನುತ್ತಾರೆ.

ನಾವು ಅದನ್ನು ನೋಡುವುದು ಹೀಗೆ. ಕಣ್ಣಿಗೆ ಹನಿ ಹಾಕಿ ಪಾಪೆ ದೊಡ್ಡದು ಮಾಡಿ ದೀಪ ಬಿಡುತ್ತೇವೆ. ಕೇಸರಿ ಬಣ್ಣದ ಗೋಡೆಯ ಮೇಲೆ ತಿಳಿ ಹಳದಿಯ ಒಂದು ಸಣ್ಣ ತಟ್ಟೆ ಕಾಣುತ್ತದೆ, ಅಂಚು ಕಂಪಾಸಿನಲ್ಲಿ ಗೀಚಿದಷ್ಟು ಸ್ಪಷ್ಟ. ಅದೇ ನರದ ತಲೆ. ಊದಿದಾಗ ಆ ಅಂಚು ಕರಗಿಹೋಗುತ್ತದೆ, ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯಂತೆ ಹರಡಿಕೊಳ್ಳುತ್ತದೆ. ರಕ್ತನಾಳಗಳು ತಟ್ಟೆಯನ್ನು ದಾಟುವ ಕಡೆ ಊತದೊಳಗೆ ಮುಳುಗಿ ಮತ್ತೆ ಮೇಲೆ ಬರುತ್ತವೆ. ಪಕ್ಕದಲ್ಲಿ ಸಣ್ಣ ರಕ್ತದ ಗೀರುಗಳು, ದೀಪದ ಕುಡಿಯ ಆಕಾರದವು. ನಿಮ್ಮ ತಂಗಿಯ ಡಾಕ್ಟರು ಇದನ್ನು ಗಮನಿಸಿದ್ದು ದೊಡ್ಡ ಉಪಕಾರ. ತಲೆನೋವು ಅಂತ ಬಂದವರ ಕಣ್ಣಿನ ಒಳಗೆ ಯಾರೂ ನೋಡದೆ ಎಷ್ಟೋ ತಿಂಗಳು ಕಳೆದುಹೋಗುತ್ತವೆ.

ಮಸುಕಾಗಿ ಕಂಡ ಅಂಚೆಲ್ಲ ಊತವೇ ಅಂತೇನಿಲ್ಲ. ಕೆಲವರಿಗೆ ನರದಲ್ಲಿ ಸುಣ್ಣದ ಹರಳಿನಂಥವು ಇರುತ್ತವೆ, ನೋಡಲು ಊತದಂತೆಯೇ ಕಾಣುತ್ತದೆ. ಅನುಮಾನ ಬಂದರೆ ಕಣ್ಣಿನ ಸ್ಕ್ಯಾನ್‌ಗಳನ್ನು ಮಾಡಿ ಬೇರ್ಪಡಿಸುತ್ತಾರೆ. ಆದರೆ ನಿಮ್ಮ ತಂಗಿಗೆ ಉಳಿದ ಲಕ್ಷಣಗಳೆಲ್ಲ ಒಟ್ಟಿಗೆ ಇವೆ.

ಬಗ್ಗಿ ಎದ್ದಾಗ ಕತ್ತಲೆ ಬರುವುದನ್ನೇ ತಗೊಳ್ಳಿ. ಮನೆಯಲ್ಲಿ ಇದನ್ನು ನಿಶ್ಶಕ್ತಿ, ರಕ್ತ ಕಮ್ಮಿ ಅಂತ ಬಿಟ್ಟುಬಿಡುತ್ತಾರೆ. ಊದಿದ ನರಕ್ಕೆ ರಕ್ತ ಹೋಗುವುದೇ ಕಷ್ಟದಲ್ಲಿ. ಬಾಣಲೆಯ ಮೇಲೆ ಬಗ್ಗಿ ಗೂಡಿನ ತುದಿ ಹುಡುಕಿ ಥಟ್ಟನೆ ಎದ್ದಾಗ, ಕೆಲವು ಸೆಕೆಂಡ್ ಅಷ್ಟೂ ಹೋಗುವುದಿಲ್ಲ, ಕಣ್ಣು ಬೂದಿ ಬಣ್ಣಕ್ಕೆ ತಿರುಗಿ ಮತ್ತೆ ಸರಿಯಾಗುತ್ತದೆ. ಕಿವಿಯ ಗುಂಯ್ ಸದ್ದು ನಾಡಿ ಬಡಿತದ ತಾಳಕ್ಕೇ ಬರುತ್ತಾ ಅಂತ ಅವಳನ್ನು ಕೇಳಿ, ಮಣಿಕಟ್ಟು ಹಿಡಿದುಕೊಂಡು ನೋಡಲಿ. ತಾಳಕ್ಕೆ ಸರಿಯಾಗಿ ಬಂದರೆ ಅದೂ ಇದೇ ಒತ್ತಡದ ಗುರುತು. ದೂರದ ವಸ್ತು, ಉದಾಹರಣೆಗೆ ಬಸ್ಸಿನ ಬೋರ್ಡು, ಅಕ್ಕಪಕ್ಕ ಎರಡಾಗಿ ಕಂಡರೆ ಅದನ್ನೂ ಡಾಕ್ಟರಿಗೆ ಹೇಳಿ. ಕಣ್ಣನ್ನು ಹೊರಕ್ಕೆ ತಿರುಗಿಸುವ ಒಂದು ಉದ್ದದ ನರ ಈ ಒತ್ತಡಕ್ಕೆ ಬೇಗ ಸೋಲುತ್ತದೆ.

ಅಂದಹಾಗೆ ರಕ್ತ ಕಮ್ಮಿ ಅನ್ನುವುದನ್ನು ಪೂರ್ತಿ ತಳ್ಳಿಹಾಕಬೇಡಿ. ಹಿಮೋಗ್ಲೋಬಿನ್ ತುಂಬ ಇಳಿದಿದ್ದರೆ ಅದರಿಂದಲೂ ಈ ಒತ್ತಡ ಏರಬಹುದು. ಒಂದು ರಕ್ತ ಪರೀಕ್ಷೆ ಮಾಡಿಸಿಬಿಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಚಾರ್ಟ್ ಯಾಕೆ ಸುಳ್ಳು ಧೈರ್ಯ ಕೊಡುತ್ತದೆ?

ಚಾರ್ಟ್ ಪರೀಕ್ಷಿಸುವುದು ನೋಟದ ನಟ್ಟನಡುವಿನ ಚುಕ್ಕೆಯನ್ನು ಮಾತ್ರ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು, ಎಲ್ಲ ಆ ಚುಕ್ಕೆಯ ಕೆಲಸ. ತಲೆಯ ಒತ್ತಡದಿಂದ ಹಾಳಾಗುವ ನರದಲ್ಲಿ ಆ ನಡುವಿನ ಎಳೆಗಳು ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುತ್ತವೆ. ಮೊದಲು ಹೋಗುವುದು ಅಂಚು. ಅದರಲ್ಲೂ ಹೆಚ್ಚಾಗಿ ಮೂಗಿನ ಕಡೆಯ ಕೆಳಭಾಗ. ಮೂಗಿನ ಕಡೆ ಒಂದು ಕಣ್ಣಿಗೆ ಕಾಣದಿದ್ದದ್ದು ಇನ್ನೊಂದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಎರಡೂ ಕಣ್ಣು ಬಿಟ್ಟುಕೊಂಡು ಓಡಾಡುವವರಿಗೆ ಏನೂ ಕಮ್ಮಿಯಾದಂತೆ ಅನ್ನಿಸುವುದೇ ಇಲ್ಲ. ಗೋಡೆ ಗಡಿಯಾರ ಕಾಣುತ್ತದೆ, ಟಿವಿ ಕಾಣುತ್ತದೆ, ಫೋನಿನ ಸಣ್ಣ ಅಕ್ಷರವೂ ಕಾಣುತ್ತದೆ. ಹೊಲಕ್ಕೆ ಹಾಕಿದ ಬೇಲಿಯನ್ನು ಪಕ್ಕದವರು ರಾತ್ರೋರಾತ್ರಿ ಒಂದೊಂದು ಅಡಿ ಒಳಗೆ ಸರಿಸಿದ ಹಾಗೆ, ನಡುವಿನ ಮನೆಯಲ್ಲಿ ಕೂತವರಿಗೆ ಅದು ಗೊತ್ತಾಗುವುದು ಬೇಲಿ ಅಂಗಳಕ್ಕೆ ಬಂದ ಮೇಲೆ.

ಆದ್ದರಿಂದ ನೀವು ಕೇಳಬೇಕಾದದ್ದು ಫೀಲ್ಡ್ ಟೆಸ್ಟ್. ಪೆರಿಮೆಟ್ರಿ ಅಂತಲೂ ಅನ್ನುತ್ತಾರೆ. ಒಂದು ಕಣ್ಣು ಮುಚ್ಚಿ ಬೋಗುಣಿಯಂಥ ಪೆಟ್ಟಿಗೆಯೊಳಗೆ ನೋಡುತ್ತಾ ಕೂರಬೇಕು, ನಡುವಿನ ಚುಕ್ಕೆಯಿಂದ ದೃಷ್ಟಿ ಕದಲಿಸಬಾರದು, ಅಲ್ಲಲ್ಲಿ ಬೆಳಕು ಮಿನುಗಿದಾಗ ಗುಂಡಿ ಒತ್ತಬೇಕು. ಕಣ್ಣಿಗೆ ನಾಲ್ಕೈದು ನಿಮಿಷದಿಂದ ಹತ್ತು ನಿಮಿಷ. ನೋವಿಲ್ಲ. ಮೊದಲ ಸಲ ಎಲ್ಲರೂ ಗಾಬರಿಯಾಗಿ ತಪ್ಪು ಒತ್ತುತ್ತಾರೆ, ಅದಕ್ಕೆ ಬೇಜಾರಾಗುವುದು ಬೇಡ, ಇನ್ನೊಮ್ಮೆ ಮಾಡಿಸುತ್ತಾರೆ. ನಿಮ್ಮ ಪತ್ರದಲ್ಲಿ ಈ ಟೆಸ್ಟಿನ ಸುದ್ದಿಯೇ ಇಲ್ಲ. ಆಗಿಲ್ಲದಿದ್ದರೆ ಮೊದಲು ಇದು ಆಗಲಿ. ಒಸಿಟಿ ಅಂದರೆ ನರದ ಎಳೆಯ ಪದರ ಎಷ್ಟು ದಪ್ಪ ಇದೆ ಅಂತ ಅಳೆಯುವ ಸ್ಕ್ಯಾನ್, ಅದೂ ಜೊತೆಗೇ ಆದರೆ ಒಳ್ಳೆಯದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಮುಂದೆ ಯಾವಾಗಲಾದರೂ ಊತ ಇಳಿದಿದೆ ಅಂದರೆ ಫೀಲ್ಡ್ ಹೇಗಿದೆ ಅಂತ ಕೇಳಿ. ಒತ್ತಡ ಕಮ್ಮಿಯಾದರೂ ಊತ ಇಳಿಯುತ್ತದೆ, ಎಳೆಗಳು ಸತ್ತುಹೋದರೂ ಇಳಿಯುತ್ತದೆ. ಸತ್ತ ಎಳೆಗೆ ಊದುವ ಶಕ್ತಿ ಇರುವುದಿಲ್ಲ. ಆಗ ನರ ಬಿಳಿಚಿಕೊಳ್ಳುತ್ತದೆ.

ತಲೆನೋವೂ ಅಷ್ಟೆ. ತಲೆನೋವು ಕಮ್ಮಿಯಾಯಿತು, ಹಾಗಾದರೆ ಕಣ್ಣೂ ಸರಿಹೋಗುತ್ತಿದೆ ಅಂತ ಲೆಕ್ಕ ಹಾಕಬೇಡಿ. ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಎಂಆರ್‌ಐಯಲ್ಲಿ ಗೆಡ್ಡೆ ಇಲ್ಲ ಅಂದದ್ದು ನಿಜಕ್ಕೂ ಸಮಾಧಾನದ ವಿಷಯ. ಆದರೆ ಎಂಆರ್‌ವಿ ಆಗಿದೆಯಾ ನೋಡಿ. ಚೀಟಿಯಲ್ಲಿ ಇರುತ್ತದೆ. ಅದು ತಲೆಯಿಂದ ರಕ್ತ ಹೊರಗೆ ಒಯ್ಯುವ ದೊಡ್ಡ ನಾಳಗಳ ಚಿತ್ರ. ಮಿದುಳಿನ ನೀರು ಕೊನೆಗೆ ಸೇರುವುದು ಆ ನಾಳಗಳಿಗೇ ಅಂದೆನಲ್ಲ, ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತೂಬು ಸರಿ ಇದ್ದರೂ ತೂಬಿನ ಆಚೆಯ ಕಾಲುವೆ ಕಟ್ಟಿಕೊಂಡಂತೆ. ಸಾದಾ ಎಂಆರ್‌ಐಯಲ್ಲಿ ಇದು ತಪ್ಪಿಹೋಗಬಹುದು. ಬಾಣಂತಿಯರಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ, ಮೈಯಲ್ಲಿ ನೀರಿನಂಶ ತೀರಾ ಕಮ್ಮಿಯಾದವರಲ್ಲಿ ಈ ಹೆಪ್ಪು ಜಾಸ್ತಿ. ಬಾಣಂತಿಗೆ ನೀರು ಕೊಡಬಾರದು ಅನ್ನುವ ಪದ್ಧತಿ ನಮ್ಮ ಕಡೆ ಇನ್ನೂ ಕೆಲವು ಮನೆಗಳಲ್ಲಿದೆ, ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ತಂಗಿಯ ಬಾಣಂತನ ಮುಗಿದು ಒಂದೂವರೆ ವರ್ಷವಾಗಿದೆ, ಆದರೆ ಮಕ್ಕಳಾಗದಂತೆ ಮಾತ್ರೆ ತಗೊಳ್ಳುತ್ತಿದ್ದಾಳಾ ಅಂತ ನೀವು ಬರೆದಿಲ್ಲ. ಅಣ್ಣನ ಹತ್ತಿರ ಹೇಳಿಕೊಳ್ಳಲು ಸಂಕೋಚ ಇರಬಹುದು. ನಿಮ್ಮ ಹೆಂಡತಿಯೋ ಅಮ್ಮನೋ ಕೇಳಲಿ, ಡಾಕ್ಟರಿಗೆ ತಿಳಿಸಲಿ. ಹೆಪ್ಪು ಸಿಕ್ಕರೆ ಚಿಕಿತ್ಸೆಯೇ ಬೇರೆ, ರಕ್ತ ತೆಳುವಾಗಿಸುವ ಔಷಧಿ ಬೇಕಾಗುತ್ತದೆ.

ಮೊಡವೆ ಮಾತ್ರೆಯನ್ನು ನೀವು ಸುಮ್ನೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್ ಮಾತ್ರೆಗಳಿಂದ, ಐಸೋಟ್ರೆಟಿನಾಯಿನ್‌ನಿಂದ, ವಿಟಮಿನ್ ಎ ಅತಿಯಾಗಿ ತಗೊಳ್ಳುವುದರಿಂದ ತಲೆಯ ನೀರಿನ ಒತ್ತಡ ಏರುವುದು ಗೊತ್ತಿರುವ ವಿಷಯ. ಬಹಳ ದಿನ ತಗೊಂಡ ಸ್ಟೀರಾಯ್ಡ್ ಥಟ್ಟನೆ ಬಿಟ್ಟರೂ ಹೀಗಾಗಬಹುದು. ಖಾಲಿ ಸ್ಟ್ರಿಪ್ ಮನೆಯಲ್ಲಿದ್ದರೆ ತಗೊಂಡು ಹೋಗಿ ತೋರಿಸಿ. ಇನ್ನೂ ನುಂಗುತ್ತಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ನಿಲ್ಲಿಸುವ ವಿಷಯ ಕೇಳಿ. ಚರ್ಮದ ಡಾಕ್ಟರದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ಲಕ್ಷಾಂತರ ಜನ ಆ ಮಾತ್ರೆ ತಗೊಂಡು ಆರಾಮಾಗಿದ್ದಾರೆ. ಕೆಲವರಿಗೆ ಮಾತ್ರ ಹೀಗಾಗುತ್ತದೆ.

ಇದೆಲ್ಲ ಯಾವುದೂ ಇಲ್ಲ, ಗೆಡ್ಡೆ ಇಲ್ಲ, ಹೆಪ್ಪಿಲ್ಲ, ಔಷಧಿಯ ಕಾರಣವೂ ಇಲ್ಲ, ಆದರೂ ಒತ್ತಡ ಏರಿದೆ ಅಂದರೆ ಅದಕ್ಕೆ ಐಐಎಚ್ ಅನ್ನುತ್ತಾರೆ. ಇದು ಹತ್ತು ಜನಕ್ಕೆ ಬಂದರೆ ಅದರಲ್ಲಿ ಒಂಬತ್ತು ಜನ ಹೆಂಗಸರು, ಹೆಚ್ಚಾಗಿ ಮಕ್ಕಳಾಗುವ ವಯಸ್ಸಿನವರು, ಇತ್ತೀಚೆಗೆ ತೂಕ ಏರಿದವರು. ನಿಮ್ಮ ತಂಗಿ ಈ ಚಿತ್ರಕ್ಕೆ ಹೊಂದುತ್ತಾಳೆ. ಆದರೆ ಬೆನ್ನಿನ ನೀರಿನ ಪರೀಕ್ಷೆ ಇಲ್ಲದೆ ಯಾರೂ ಖಚಿತವಾಗಿ ಹೇಳಲಾರರು.

ಅಮ್ಮನ ಭಯದ ವಿಷಯಕ್ಕೆ ಬರೋಣ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ ಹೇಳಿ.

ಅಮ್ಮಾ, ನಿಮ್ಮ ಮಗಳಿಗೆ ಸಿಸೇರಿಯನ್ ಆಯಿತಲ್ಲ, ಸಾಮಾನ್ಯವಾಗಿ ಆಗ ಬೆನ್ನಿಗೆ ಒಂದು ಇಂಜೆಕ್ಷನ್ ಕೊಡುತ್ತಾರೆ, ಕೆಳಗೆ ಜೋಮು ಹಿಡಿಸಲು. ಹೆಚ್ಚುಕಮ್ಮಿ ಅದೇ ಜಾಗ, ಅಂಥದ್ದೇ ಸಣ್ಣ ಸೂಜಿ. ಆಗ ಔಷಧಿ ಒಳಗೆ ಹೋಯಿತು, ಈಗ ಸ್ವಲ್ಪ ನೀರು ಹೊರಗೆ ಬರುತ್ತದೆ. ಬೆನ್ನುಹುರಿ ಸೊಂಟದವರೆಗೂ ಇಳಿಯುವುದಿಲ್ಲ. ದೊಡ್ಡವರಲ್ಲಿ ಅದು ಪಕ್ಕೆಲುಬು ಮುಗಿದ ಸ್ವಲ್ಪ ಕೆಳಗೇ ನಿಂತುಬಿಡುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಎರಡು ಮೂರು ಮೂಳೆ ಕೆಳಗೆ. ಅಲ್ಲಿ ಇರುವುದು ನೀರಿನಲ್ಲಿ ತೇಲುವ ಸಣ್ಣ ನರಗಳು, ಕುದುರೆ ಬಾಲದ ಕೂದಲಿನ ಹಾಗೆ, ಸೂಜಿ ಬಂದರೆ ಪಕ್ಕಕ್ಕೆ ಸರಿದುಕೊಳ್ಳುತ್ತವೆ. ಜರ್ಮನಿಯ ಕ್ವಿಂಕೆ ಅನ್ನುವ ವೈದ್ಯರು 1891ರಲ್ಲಿ ಶುರು ಮಾಡಿದ ಪರೀಕ್ಷೆ ಇದು, ಇವತ್ತಿಗೂ ದೊಡ್ಡ ಆಸ್ಪತ್ರೆಗಳಲ್ಲಿ ದಿನಾ ನಡೆಯುತ್ತದೆ. ಇನ್ನು ತೆಗೆದ ನೀರು ಮತ್ತೆ ಬರುತ್ತದಾ ಅನ್ನುವ ಭಯ ಬೇಡ. ಗಂಟೆಗೆ ಸುಮಾರು 20 ಎಂಎಲ್ ಹೊಸ ನೀರು ಹುಟ್ಟುತ್ತದೆ. ಮಗಳು ಮಂಚದಿಂದ ಎದ್ದು ಊಟ ಮುಗಿಸುವ ಹೊತ್ತಿಗೆ ತೆಗೆದದ್ದು ಬಹುತೇಕ ತುಂಬಿರುತ್ತದೆ.

ನಡೆಯುವುದು ಹೀಗೆ. ಪಕ್ಕಕ್ಕೆ ಮಲಗಿಸಿ ಮಂಡಿಯನ್ನು ಹೊಟ್ಟೆಗೆ ತಂದು ಮಡಿಚಿಸುತ್ತಾರೆ. ಬೆನ್ನಿಗೆ ಜೋಮಿನ ಇಂಜೆಕ್ಷನ್, ಅದು ಇರುವೆ ಕಚ್ಚಿದಂತೆ ಚುರ್ ಅನ್ನುತ್ತದೆ. ಆಮೇಲೆ ಒತ್ತಿದ ಹಾಗೆ ಅನ್ನಿಸುತ್ತದೆ. ಸೂಜಿಗೆ ಒಂದು ಸಣ್ಣ ಕೊಳವೆ ನೆಟ್ಟಗೆ ಜೋಡಿಸುತ್ತಾರೆ, ಅದರಲ್ಲಿ ನೀರು ತಾನಾಗಿ ಮೇಲೇರುತ್ತದೆ. ಎಷ್ಟು ಸೆಂಟಿಮೀಟರ್ ಏರಿತು ಅನ್ನುವುದೇ ಒತ್ತಡ. ದೊಡ್ಡವರಲ್ಲಿ 25 ಸೆಂಟಿಮೀಟರ್ ದಾಟಿದರೆ ಜಾಸ್ತಿ. ಆ ಹೊತ್ತಿಗೆ ಮೈ ಬಿಗಿ ಹಿಡಿದರೆ, ಅತ್ತರೆ, ಸುಳ್ಳು ಲೆಕ್ಕ ಬರುತ್ತದೆ, ಆದ್ದರಿಂದ ಕಾಲು ಸ್ವಲ್ಪ ಸಡಿಲಿಸಿ ನಿಧಾನ ಉಸಿರಾಡಲಿ. ತೆಗೆದ ನೀರನ್ನು ಲ್ಯಾಬಿಗೆ ಕಳಿಸುತ್ತಾರೆ, ಟಿಬಿಯೋ ಬೇರೆ ಸೋಂಕೋ ಇಲ್ಲ ಅಂತ ಖಚಿತ ಮಾಡಿಕೊಳ್ಳಲು. ನಮ್ಮ ದೇಶದಲ್ಲಿ ಈ ಭಾಗ ಬಹಳ ಮುಖ್ಯ. ಮಿದುಳಿನ ಪೊರೆಗೆ ಟಿಬಿ ತಗುಲಿದಾಗಲೂ ನೀರು ಕಟ್ಟಿಕೊಂಡು ಕಣ್ಣಿನ ನರ ಊದುತ್ತದೆ, ಅದಕ್ಕೆ ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಕಷ್ಟ.

ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಆಮೇಲೆ ಬೇರೆ ಥರದ ತಲೆನೋವು ಬರುತ್ತದೆ, ಕೂತರೆ ನಿಂತರೆ ಜೋರು, ಮಲಗಿದರೆ ಮಾಯ. ಸೂಜಿಯ ತೂತಿನಿಂದ ನೀರು ಸ್ವಲ್ಪ ಸೋರುವುದರಿಂದ ಅದು. ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಹೋಗುತ್ತದೆ, ಹೋಗದಿದ್ದರೆ ಅದಕ್ಕೂ ಉಪಾಯ ಇದೆ. ಸೋಂಕು, ರಕ್ತಸ್ರಾವ ತೀರಾ ಅಪರೂಪ. ಮೊದಲು ಎಂಆರ್‌ಐ ಮಾಡಿಸಿದ್ದು ಕೂಡ ಸುರಕ್ಷತೆಗೇ, ತಲೆಯಲ್ಲಿ ದೊಡ್ಡ ಗೆಡ್ಡೆ ಇದ್ದಾಗ ಕೆಳಗಿಂದ ನೀರು ತೆಗೆಯುವುದು ಅಪಾಯ. ರಕ್ತ ತೆಳುವಾಗುವ ಮಾತ್ರೆ ಏನಾದರೂ ಇದ್ದರೆ ಮೊದಲೇ ಹೇಳಿ.

ಈ ನೀರು ಕಮ್ಮಿಯಾದರೂ ಕಣ್ಣಿಗೆ ತೊಂದರೆಯೇ. ಬೆನ್ನಿನ ಪೊರೆ ತಾನಾಗಿ ಹರಿದು ನೀರು ಸೋರುವ ಕಾಯಿಲೆಯೊಂದಿದೆ, ಅದರಲ್ಲಿ ಮಿದುಳು ಕೆಳಕ್ಕೆ ಜಗ್ಗಿ ವಸ್ತುಗಳು ಎರಡಾಗಿ ಕಾಣಬಹುದು. ಮಲಗಿದರೆ ಆರಾಮ, ಎದ್ದರೆ ನೋವು ಅನ್ನುವುದೇ ಅದರ ಗುರುತು. ನಿಮ್ಮ ತಂಗಿಯದು ಆ ಥರ ಕಾಣುವುದಿಲ್ಲ.

ಚಿಕಿತ್ಸೆ ಏನು? ಒತ್ತಡ ಜಾಸ್ತಿ, ಬೇರೆ ಕಾರಣ ಇಲ್ಲ ಅಂತಾದರೆ ಸಾಮಾನ್ಯವಾಗಿ ಅಸಿಟಜೋಲಮೈಡ್ ಮಾತ್ರೆ ಶುರು ಮಾಡುತ್ತಾರೆ, ಅಂಗಡಿಯಲ್ಲಿ ಡೈಮಾಕ್ಸ್ ಅಂತ ಸಿಗುತ್ತದೆ. ನೀರು ಹುಟ್ಟುವುದನ್ನೇ ಇದು ಕಮ್ಮಿ ಮಾಡುತ್ತದೆ. ಬೆರಳ ತುದಿ, ತುಟಿ ಜುಮ್ ಅನ್ನುತ್ತವೆ, ಸೋಡಾ ಕುಡಿದರೆ ಕಬ್ಬಿಣದ ರುಚಿ, ಮೂತ್ರಕ್ಕೆ ಪದೇ ಪದೇ ಹೋಗಬೇಕು. ಇದಕ್ಕೆ ಹೆದರಿ ಅರ್ಧಕ್ಕೇ ಬಿಡುವವರು ತುಂಬ. ಜುಮ್ ಅನ್ನುವುದು ಮಾತ್ರೆ ಕೆಲಸ ಮಾಡುವಾಗ ಬರುವಂಥದ್ದೇ, ಅದರಿಂದ ಹಾನಿ ಇಲ್ಲ. ಆದರೆ ಕಿಡ್ನಿ ಕಲ್ಲಿನ ಹಿನ್ನೆಲೆ, ಸಲ್ಫಾ ಅಲರ್ಜಿ, ಮಗುವಿಗೆ ಹಾಲು ಕುಡಿಸುವುದು, ಮತ್ತೆ ಬಸಿರಾಗುವ ಯೋಚನೆ, ಇವು ಇದ್ದರೆ ಮೊದಲೇ ಹೇಳಬೇಕು. ಎಷ್ಟು ಮಾತ್ರೆ ಅನ್ನುವುದನ್ನು ಫೀಲ್ಡ್ ನೋಡಿ ಅವರೇ ತೀರ್ಮಾನಿಸುತ್ತಾರೆ, ನೀವು ಜಾಸ್ತಿ ಕಮ್ಮಿ ಮಾಡಬೇಡಿ.

ಮಾತ್ರೆಯಷ್ಟೇ ಮುಖ್ಯ ತೂಕ. ಇದನ್ನು ಹೇಳುವಾಗ ತಂಗಿಯ ಮನಸ್ಸಿಗೆ ನೋವಾಗದಂತೆ ಹೇಳಿ, ಇಬ್ಬರು ಮಕ್ಕಳ ತಾಯಿ, ದಿನವಿಡೀ ಬಾಣಲೆಯ ಮುಂದೆ ದುಡಿಯುವವಳು, ತೂಕ ಏರಿದ್ದು ಅವಳ ತಪ್ಪಲ್ಲ. 78 ಕೆಜಿಯಲ್ಲಿ 5ರಿಂದ 10 ಪರ್ಸೆಂಟ್ ಇಳಿದರೆ, ಅಂದರೆ 4ರಿಂದ 8 ಕೆಜಿ, ಒತ್ತಡದಲ್ಲಿ ನಿಜವಾದ ವ್ಯತ್ಯಾಸ ಕಾಣುತ್ತದೆ. ಉತ್ತರ ಅಮೆರಿಕದಲ್ಲಿ ಕಣ್ಣಿಗೆ ಸ್ವಲ್ಪ ಮಾತ್ರ ಹಾನಿಯಾಗಿದ್ದ 165 ಜನರ ಮೇಲೆ ಒಂದು ಪ್ರಯೋಗ ನಡೆಯಿತು, 2014ರಲ್ಲಿ ಫಲಿತಾಂಶ ಬಂತು. ಎಲ್ಲರಿಗೂ ಉಪ್ಪು ಕಮ್ಮಿ, ತೂಕ ಇಳಿಸುವ ಆಹಾರ. ಅರ್ಧದಷ್ಟು ಜನಕ್ಕೆ ಜೊತೆಗೆ ಅಸಿಟಜೋಲಮೈಡ್, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಎರಡೂ ಗುಂಪಿನವರ ಫೀಲ್ಡ್ ಸುಧಾರಿಸಿತು, ಔಷಧಿ ಸಿಕ್ಕವರದ್ದು ಹೆಚ್ಚು. ಅಂದರೆ ಆಹಾರ ಮಾತ್ರೆ ಎರಡೂ ಬೇಕು. ಉಪವಾಸ ಬೇಡ. ಮುದ್ದೆ ಒಂದಿರಲಿ, ಸೊಪ್ಪಿನ ಸಾರು ಹುಳಿ ಜಾಸ್ತಿ ಇರಲಿ, ಉಪ್ಪಿನಕಾಯಿ ಹಪ್ಪಳ ಬಿಡಲಿ, ಸಕ್ಕರೆ ಹಾಕಿದ ಟೀ ನಾಲ್ಕರಿಂದ ಒಂದಕ್ಕೆ ಇಳಿಯಲಿ. ಒಬ್ಬಳಿಗೇ ಬೇರೆ ಅಡುಗೆ ಅಂದರೆ ನಡೆಯುವುದಿಲ್ಲ, ಮನೆಯವರೆಲ್ಲ ಅದನ್ನೇ ತಿನ್ನಿ.

ಮಾತ್ರೆ ತಗೊಂಡರೂ ಫೀಲ್ಡ್ ಕುಗ್ಗುತ್ತಾ ಹೋದರೆ, ಅಥವಾ ನೋಟ ದಿನದಿಂದ ದಿನಕ್ಕೆ ಬೀಳುತ್ತಿದ್ದರೆ, ಆಪರೇಷನ್ ಬೇಕಾಗುತ್ತದೆ. ನರದ ಮೇಲಿನ ಪೊರೆಯಲ್ಲಿ ಸಣ್ಣ ಕಿಟಕಿ ಕೊಯ್ದು ನೀರಿಗೆ ದಾರಿ ಮಾಡುವುದು ಒಂದು. ತಲೆಯಿಂದಲೋ ಬೆನ್ನಿಂದಲೋ ಹೊಟ್ಟೆಗೆ ಚರ್ಮದಡಿ ಸಣ್ಣ ಪೈಪು ಇಡುವುದು ಇನ್ನೊಂದು, ಶಂಟ್ ಅನ್ನುತ್ತಾರೆ. ತಲೆಯ ರಕ್ತನಾಳ ಕಿರಿದಾಗಿದ್ದರೆ ಕೆಲವರಿಗೆ ಅಲ್ಲಿ ಸ್ಟೆಂಟ್ ಹಾಕುತ್ತಾರೆ. ಬಹಳಷ್ಟು ಜನಕ್ಕೆ ಇವು ಬೇಕಾಗುವುದಿಲ್ಲ. ಬೇಗ ಬಂದವರಿಗಂತೂ ಇನ್ನೂ ಕಮ್ಮಿ.

ಎಲ್ಲಿಗೆ ಹೋಗುವುದು? ಕಣ್ಣು ಮತ್ತು ನರ ಎರಡರ ಡಾಕ್ಟರೂ ಒಟ್ಟಿಗೆ ನೋಡುವ ಜಾಗ ಬೇಕು. ಬೆಂಗಳೂರಿನಲ್ಲಿ ಸರ್ಕಾರದ್ದೇ ನಿಮ್ಹಾನ್ಸ್ ಇದೆ, ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ಸರದಿ ಉದ್ದ ಇರುತ್ತದೆ. ಎಂಆರ್‌ಐ ಕಾಗದ ಮಾತ್ರವಲ್ಲ, ಫಿಲ್ಮು ಅಥವಾ ಸಿಡಿ ಕೂಡ ಒಯ್ಯಿರಿ. ಮೊಡವೆ ಮಾತ್ರೆಯ ಸ್ಟ್ರಿಪ್, ಕಣ್ಣಿನ ಡಾಕ್ಟರ ಚೀಟಿ, ತೂಕ ಯಾವಾಗ ಎಷ್ಟಿತ್ತು ಅನ್ನುವ ಲೆಕ್ಕ. ನಡುವೆ ನೋಟ ಮಂಜಾದರೆ, ಕತ್ತಲೆ ಬರುವುದು ದಿನಕ್ಕೆ ಹತ್ತಾರು ಸಲವಾದರೆ, ಎರಡೆರಡು ಕಂಡರೆ, ವಾಂತಿ ಜ್ವರ ಇದ್ದರೆ, ಮಂಕಾದರೆ ಅಥವಾ ಫಿಟ್ಸ್ ಬಂದರೆ ಸರದಿ ನೋಡಬೇಡಿ, ಸೀದಾ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಅವಳು ಗಾಡಿ ಓಡಿಸುವುದು ಬೇಡ, ಬಿಸಿ ಬಾಣಲೆಯ ಮುಂದೆ ಕೂರುವುದೂ ಬೇಡ, ಬಗ್ಗಿದಾಗ ಕತ್ತಲೆ ಬಂದರೆ ಕೈ ಬೀಳುವುದು ಕುದಿಯುವ ನೀರಿಗೆ.

ಫೀಲ್ಡ್ ಟೆಸ್ಟಿನ ಕಾಗದ ಕೊಟ್ಟ ಮೇಲೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ಸಲ ಹೊಸ ಕಾಗದದ ಪಕ್ಕ ಹಳೆಯದನ್ನು ಇಟ್ಟು ನೋಡಿದರೇ ಕಪ್ಪು ಹರಡಿದೆಯೋ ನಿಂತಿದೆಯೋ ಅಂತ ಡಾಕ್ಟರಿಗೆ ಗೊತ್ತಾಗುವುದು.